ಬಟನ್ ಒತ್ತಿದರೂ ಏಳದ ಕಂಪ್ಯೂಟರ್: ವಿಜಯನಗರದ ಮಕ್ಕಳಿಗೊಂದು ಬಹಿರಂಗ ಪತ್ರ

ವಿಜಯನಗರ, ಹಂಪಿನಗರ, ಅತ್ತಿಗುಪ್ಪೆ, ಮೂಡಲಪಾಳ್ಯದ ಮನೆಗಳಲ್ಲಿ ಸ್ವಂತ ಕೈಯಿಂದ ಕಂಪ್ಯೂಟರ್ ಜೋಡಿಸುತ್ತಿರುವ ಮಕ್ಕಳೇ,

ನಿಮ್ಮಲ್ಲಿ ಹೆಚ್ಚಿನವರ ಹೆಸರು ನನಗೆ ಗೊತ್ತಿಲ್ಲ, ಮುಖ ಗೊತ್ತು. ಶನಿವಾರ ಸಂಜೆ ವಿಜಯನಗರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಇಳಿದು ಬರುತ್ತೀರಿ. ಒಬ್ಬರ ಕೈಯಲ್ಲಿ ಮದರ್‌ಬೋರ್ಡಿನ ಡಬ್ಬ, ಇನ್ನೊಬ್ಬರ ಹೆಗಲ ಮೇಲೆ ಕ್ಯಾಬಿನೆಟ್ಟಿನ ರಟ್ಟಿನ ಪೆಟ್ಟಿಗೆ. ಚಿಕ್ಕಪೇಟೆಯಲ್ಲಿ ರೈಲು ಹತ್ತಿ ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಾಯಿಸುವ ಆ ನೂಕುನುಗ್ಗಲಲ್ಲಿ ಅದನ್ನೆಲ್ಲ ಹೇಗೆ ಕಾಪಾಡಿಕೊಂಡು ಬಂದಿರೋ ಅಂತ ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಎಸ್.ಪಿ. ರೋಡಿನಲ್ಲಿ ಕೊಟೇಶನ್ ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದು, ಇನ್ನೂರು ಮುನ್ನೂರು ರೂಪಾಯಿ ಕಡಿಮೆ ಮಾಡಿಸಿಕೊಂಡು ತಂದ ಸಾಮಾನು ಅದು. ಅಪ್ಪ ಎತ್ತಿದ ಚೀಟಿ ದುಡ್ಡೋ, ನೀವೇ ಪಾಠ ಹೇಳಿಕೊಟ್ಟು ಗಳಿಸಿದ್ದೋ. ಆ ರಾತ್ರಿ ಊಟಕ್ಕೂ ಏಳದೆ ಜೋಡಿಸುತ್ತೀರಿ. ಬಟನ್ ಒತ್ತುತ್ತೀರಿ. ಏನೂ ಆಗುವುದಿಲ್ಲ.

ಆಗ ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದು ಅಂತ ಹೇಳುವುದಕ್ಕೆ ಈ ಪತ್ರ. ನಾನು ಪಾಲಿಟೆಕ್ನಿಕ್ ಒಂದರಲ್ಲಿ 28 ವರ್ಷ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಂಡವಳು. ನಿವೃತ್ತಿಯಾದ ಮೇಲೂ ಮೀಟರ್ ಕೈಬಿಟ್ಟಿಲ್ಲ.

ಮಳೆ ಹಿಡಿದಿದ್ದ ಒಂದು ಶನಿವಾರ ರಾತ್ರಿ, ಹತ್ತೂವರೆ ಇರಬೇಕು, ಮೇಲಿನ ಮನೆ ಹುಡುಗ ಬಾಗಿಲು ತಟ್ಟಿದ. ಎಂಜಿನಿಯರಿಂಗ್ ಮೊದಲ ವರ್ಷ. ಕಣ್ಣು ಕೆಂಪಗಿತ್ತು. “ಆಂಟಿ, ಸಿಪಿಯು ಆನೇ ಆಗ್ತಿಲ್ಲ. ನಾನೇ ಸುಟ್ಟುಬಿಟ್ಟೆ ಅನ್ಸುತ್ತೆ.” ಫೋನಿನಲ್ಲಿ ಯಾರನ್ನೋ ಕೇಳಿದ್ದಾನೆ, ಅವರು “ಪ್ರೊಸೆಸರ್ ಹೋಗಿರತ್ತೆ” ಅಂದಿದ್ದಾರೆ. ಮಾರನೇ ದಿನ ಭಾನುವಾರ, ಎಸ್.ಪಿ. ರೋಡಿನ ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತವೆ. ಸೋಮವಾರ ಬೆಳಗ್ಗೆ ಹೋಗಿ ಹೊಸ ಪ್ರೊಸೆಸರ್ ತರುವುದು, ಅಪ್ಪನಿಗೆ ಗೊತ್ತಾಗದ ಹಾಗೆ ಸ್ನೇಹಿತನ ಹತ್ತಿರ ಸಾಲ ಮಾಡುವುದು ಅಂತ ಲೆಕ್ಕ ಹಾಕಿಕೊಂಡೇ ಬಂದಿದ್ದ.

ನಾನು ಕೇಳಿದ್ದು ಇಷ್ಟೇ: “ಸುಟ್ಟ ವಾಸನೆ ಬಂತೇನೋ? ಒತ್ತಿದಾಗ ಏನು ನೋಡಿದೆ, ಹೇಳು.”

“ವಾಸನೆ ಇಲ್ಲ ಆಂಟಿ. ಫ್ಯಾನ್ ಒಂದ್ಸಲ ಮಿಸುಕ್ತು, ನಿಂತೋಯ್ತು. ಆಮೇಲೆ ಎಷ್ಟು ಒತ್ತಿದ್ರೂ ಏನೂ ಇಲ್ಲ.”

“ಗೋಡೆ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದ್ರೆ?”

“ಮತ್ತೆ ಒಂದೇ ಸಲ ಮಿಸುಕುತ್ತೆ.”

ಆ ಒಂದು ಮಾತಿಗೆ ನನಗೆ ಅರ್ಧ ಜೀವ ಬಂತು. ಯಾಕೆ ಅಂತ ತಿಳಿಯಬೇಕಾದರೆ ಬಟನ್ ಒತ್ತಿದಾಗ ಒಳಗೆ ಏನು ನಡೆಯುತ್ತದೆ ಅನ್ನುವುದು ಗೊತ್ತಿರಬೇಕು.

ನಮ್ಮ ಲ್ಯಾಬಿನಲ್ಲಿ ಮೊದಲಿದ್ದ 486 ಮಷೀನುಗಳಲ್ಲಿ ಮುಂದಿನ ಸ್ವಿಚ್ಚಿಗೇ 230 ವೋಲ್ಟಿನ ದಪ್ಪ ವೈರ್ ಬರುತ್ತಿತ್ತು. ಟಕ್ ಅಂತ ಒತ್ತಿದರೆ ಮನೆಯ ಲೈಟ್ ಹಾಕಿದ ಹಾಗೆ ನೇರವಾಗಿ ಕರೆಂಟ್ ಹರಿಯುತ್ತಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನುವ ಹೊಸ ಮಾದರಿ ತಂದ ಮೇಲೆ ಆ ಪದ್ಧತಿ ಹೋಯಿತು. ಈಗ ನಿಮ್ಮ ಕ್ಯಾಬಿನೆಟ್ಟಿನ ಬಟನ್ ಒತ್ತುವುದು ಕಚೇರಿಗೆ ಅರ್ಜಿ ಹಾಕಿದ ಹಾಗೆ. ಗೋಡೆ ಸ್ವಿಚ್ ಹಾಕಿದ ಕೂಡಲೇ ಪವರ್ ಸಪ್ಲೈ ಡಬ್ಬ, ಅಂದರೆ ಎಸ್‌ಎಂಪಿಎಸ್ ನೇರಳೆ ವೈರಿನಲ್ಲಿ 5 ವೋಲ್ಟ್ ಕೊಟ್ಟು ಕಾಯುತ್ತಾ ಕೂತಿರುತ್ತದೆ. ನೀವು ಬಟನ್ ಒತ್ತಿದ್ದನ್ನು ಮದರ್‌ಬೋರ್ಡ್ ನೋಡಿ, ಹಸಿರು ವೈರನ್ನು ಗ್ರೌಂಡಿಗೆ ಎಳೆಯುತ್ತದೆ. ಆಗ ಎಸ್‌ಎಂಪಿಎಸ್ ಹಳದಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಎಬ್ಬಿಸಿ, ಎಲ್ಲವೂ ನೆಟ್ಟಗಿದೆ ಅಂತ ಖಾತ್ರಿಯಾದ ಮೇಲೆ ಬೂದು ಬಣ್ಣದ ವೈರಿನಲ್ಲಿ ಒಪ್ಪಿಗೆ ಕಳಿಸುತ್ತದೆ. ಅದಕ್ಕೆ ಹಿಡಿಯುವುದು 100ರಿಂದ 500 ಮಿಲಿಸೆಕೆಂಡ್. ಒಪ್ಪಿಗೆ ಬಂದ ಮೇಲೆಯೇ ಪ್ರೊಸೆಸರ್ ಕಣ್ಣು ಬಿಡುವುದು, ಆಮೇಲೆ ರ್ಯಾಮ್, ಆಮೇಲೆ ಪರದೆ.

“ಆನ್ ಆಗ್ತಿಲ್ಲ” ಅನ್ನುವ ಒಂದೇ ಮಾತಿನಲ್ಲಿ ಈ ಅಷ್ಟೂ ಹಂತಗಳನ್ನು ಕಟ್ಟಿಹಾಕಬೇಡಿ. ನಿಮ್ಮ ಮಷೀನು ಎಲ್ಲಿಯವರೆಗೆ ಬಂದು ನಿಂತಿದೆ ಅಂತ ನೋಡಿ. ಅದು ಗೊತ್ತಾಗುವ ತನಕ ಒಂದು ಸಾಮಾನೂ ಕೊಳ್ಳಬೇಡಿ. ನಾನು ಮುಖ್ಯವಾಗಿ ಬೇಡಿಕೊಳ್ಳುವುದು ಇದನ್ನೇ.

ಹುಡುಗನ ಮಷೀನಿನಲ್ಲಿ ಫ್ಯಾನ್ ಮಿಸುಕಿತ್ತು. ಅಂದರೆ ಬಟನ್ ಸರಿಯಿದೆ, ಬೋರ್ಡು ಅರ್ಜಿ ಮುಂದಕ್ಕೆ ಕಳಿಸಿದೆ, ಎಸ್‌ಎಂಪಿಎಸ್ ಎದ್ದೂ ಇದೆ. ಏಳುತ್ತಲೇ ಎಲ್ಲೋ ಶಾರ್ಟ್ ಆಗಿರುವುದನ್ನು ಕಂಡು ತನ್ನನ್ನು ತಾನೇ ಮುಚ್ಚಿಕೊಂಡಿದೆ. ಹಾಗೆ ಮುಚ್ಚಿಕೊಂಡ ಎಸ್‌ಎಂಪಿಎಸ್ ಗೋಡೆಯ ಕರೆಂಟ್ ತೆಗೆದು ಹಾಕುವವರೆಗೂ ಮತ್ತೆ ಬಾಗಿಲು ತೆಗೆಯುವುದಿಲ್ಲ. ಸತ್ತ ಎಸ್‌ಎಂಪಿಎಸ್ಸಿಗೆ ಇಷ್ಟು ಜಾಣತನ ಇರುವುದಿಲ್ಲ. ಪ್ರೊಸೆಸರಿನ ಸರದಿ ಇನ್ನೂ ಬಂದೇ ಇರಲಿಲ್ಲ.

ಮೀಟರ್ ಹಿಡಿದು ಮೇಲೆ ಹೋದೆ. ಕ್ಯಾಬಿನೆಟ್ಟಿನ ಅಂಚಿಗೆ ಮುಂಗೈ ತಾಗಿತು, ಜುಮ್ ಅಂತು. ಹುಡುಗ “ಅದು ಯಾವಾಗ್ಲೂ ಹಂಗೇ ಆಂಟಿ, ಹಳೇ ಸಿಪಿಯುನೂ ಹಂಗೇ ಅಂತಿತ್ತು” ಅಂದ. ನನಗೆ ಕಂಪ್ಯೂಟರ್ ಮರೆತೇಹೋಯಿತು.

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇದೇ ಸ್ಥಿತಿ ಇರಬಹುದು. ಎಸ್‌ಎಂಪಿಎಸ್ಸಿನ ಬಾಯಲ್ಲೇ ಗಲಾಟೆಯ ಅಲೆಗಳನ್ನು ಸೋಸಲು ಎರಡು ಪುಟ್ಟ ಕೆಪಾಸಿಟರ್ ಕೂರಿಸಿರುತ್ತಾರೆ. ಒಂದು ಫೇಸಿನಿಂದ ಕ್ಯಾಬಿನೆಟ್ಟಿನ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಅದೇ ತಗಡಿಗೆ. ಮನೆಗೆ ಅರ್ಥಿಂಗ್ ಇದ್ದರೆ ಅದರಲ್ಲಿ ಸೋರುವ ಚೂರು ಕರೆಂಟ್ ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್, ತಗಡಿನ ಮೇಲೆ ನಿಂತುಬಿಡುತ್ತದೆ. ಕರೆಂಟಿನ ಪ್ರಮಾಣ ತೀರಾ ಕಡಿಮೆ ಆದ್ದರಿಂದ ಬರೀ ಜುಮ್ ಅನ್ನುತ್ತದೆ. ಆದರೆ ಆ ತಗಡಿನಿಂದ ಎಚ್‌ಡಿಎಂಐ ಕೇಬಲ್ ಎಳೆದು ಇನ್ನೊಂದು ಕಡೆ ಟಿವಿಗೆ ಚುಚ್ಚುವಾಗ ಪೋರ್ಟ್ ಸುಟ್ಟುಹೋಗಬಹುದು. ಇನ್ನು ಒಳಗೆ ಫೇಸ್ ವೈರೇ ತಗಡಿಗೆ ತಾಗಿದ ದಿನ ಅದನ್ನು ನೆಲಕ್ಕೆ ಇಳಿಸುವವರು ಯಾರೂ ಇಲ್ಲ. ಮುಟ್ಟಿದವರ ಮೈಯೇ ದಾರಿಯಾಗುತ್ತದೆ.

ಸಾಕೆಟ್ಟಿನಲ್ಲಿ ಅಳೆದೆ. ಫೇಸ್ ಮತ್ತು ನ್ಯೂಟ್ರಲ್ ಮಧ್ಯೆ 226. ಫೇಸ್ ಮತ್ತು ಮೇಲಿನ ದಪ್ಪ ತೂತಿನ ಮಧ್ಯೆ 70, 64, 81 ಅಂತ ಅಲೆದಾಡುವ ಅಂಕಿ. ಅಲ್ಲೂ 226ರ ಆಸುಪಾಸೇ ಬರಬೇಕು. ಅಂದರೆ ಮೂರು ತೂತಿನ ಸಾಕೆಟ್ ಇದೆ, ಮೂರನೆಯದರ ಹಿಂದೆ ನೆಲ ಇಲ್ಲ.

ನಮ್ಮ ಭಾಗದ ಹಳೆಯ ಮನೆಗಳಲ್ಲಿ ಅರ್ಥಿಂಗ್ ಅಂದರೆ ಗೇಟಿನ ಪಕ್ಕ ಒಂದು ಗುಂಡಿ, ಅದರಲ್ಲಿ ಜಿಐ ಪೈಪು, ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ. ಬೇಸಗೆಯಲ್ಲಿ ಅದಕ್ಕೆ ನೀರು ಹಾಕಬೇಕು. ಒಣಗಿದರೆ ನೆಲ ಕರೆಂಟನ್ನು ಹೀರುವುದಿಲ್ಲ. ನಮ್ಮ ತಂದೆ ಸಂಪಿಗೆ ಗಿಡದ ಜೊತೆ ಆ ಗುಂಡಿಗೂ ಒಂದು ಬಿಂದಿಗೆ ಸುರಿಯುತ್ತಿದ್ದರು. ಆಮೇಲೆ ಕಾರು ನಿಲ್ಲಿಸಲು ಜಾಗ ಬೇಕು ಅಂತ ಮನೆ ಮುಂದೆ ಟೈಲ್ಸ್ ಬಂತು, ಗುಂಡಿ ಅದರಡಿ ಮುಚ್ಚಿಹೋಯಿತು. ಮೇಲೆ ಇನ್ನೊಂದು ಮಹಡಿ ಎದ್ದಾಗ ಅಲ್ಲಿಯವರೆಗೆ ಹಸಿರು ವೈರ್ ಎಳೆಯದೆಯೇ ಕೆಲಸ ಮುಗಿಸಿದರು. ನಮ್ಮ ಬಿಲ್ಡಿಂಗಿನಲ್ಲೂ ಹೀಗೇ ಆಗಿತ್ತು. ಮಾರನೇ ವಾರ ಓನರ್ ಹತ್ತಿರ ಕೂತು ಮಾತಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಹೊಸ ಗುಂಡಿ ತೆಗೆಸಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿಯನ್ನೂ ಹಾಕಿಸಿದೆವು. ಈ ಕೆಲಸ ನೀವೇ ಮಾಡಲು ಹೋಗಬೇಡಿ. ಆದರೆ ಓನರ್ ಬಾಗಿಲು ತಟ್ಟಿ ಕೇಳಿ, ಬಾಡಿಗೆಗಿದ್ದೀರಿ ಅಂತ ಸಂಕೋಚ ಬೇಡ. ಆ ಗುಂಡಿ ಎಲ್ಲಿದೆ ಅಂತ ಅವರಿಗೂ ಗೊತ್ತಿಲ್ಲದಿರಬಹುದು.

ಸರಿ, ಹುಡುಗನ ಮಷೀನಿಗೆ ಬರುತ್ತೇನೆ. ಅದನ್ನು ಕೆಳಗೆ ನಮ್ಮ ಮನೆಗೆ ತರಿಸಿದೆ. ನನ್ನ ಮೇಜಿನ ಸಾಕೆಟ್ಟಿಗೆ ಮೊದಲಿನಿಂದಲೂ ಬೇರೆ ಅರ್ಥ್ ವೈರ್ ಇದೆ.

ಪ್ಲಗ್ ಕಿತ್ತು, ಬಟನ್ ಒಂದೆರಡು ಸಲ ಒತ್ತಿ ಒಳಗೆ ಉಳಿದ ಚಾರ್ಜ್ ಇಳಿಸಿ, ಮೀಟರನ್ನು ಬೀಪ್ ಕೂಗುವ ಕಡೆ ತಿರುಗಿಸಿದೆ. ಒಂದು ಮುಳ್ಳು ಹಳದಿ ವೈರಿಗೆ, ಒಂದು ಕಪ್ಪಿಗೆ. ಎಡೆಬಿಡದೆ ಬೀಪ್ ಕೂಗಿತು. 12 ವೋಲ್ಟಿನ ದಾರಿ ನೇರವಾಗಿ ತಗಡಿಗೆ ಸೇರಿಕೊಂಡಿದೆ. ಬೋರ್ಡಿನ ಸ್ಕ್ರೂಗಳನ್ನು ಬಿಚ್ಚಿ, ಅದನ್ನು ಅದರ ಡಬ್ಬದ ರಟ್ಟಿನ ಮೇಲೆಯೇ ಮಲಗಿಸಿದೆವು. ಮತ್ತೆ ಮುಳ್ಳಿಟ್ಟೆ. ಮೀಟರ್ ಸುಮ್ಮನಾಯಿತು.

ಹುಡುಗನಿಗೆ ಇನ್ನೂ ಅರ್ಥವಾಗಿರಲಿಲ್ಲ. ಖಾಲಿ ಕ್ಯಾಬಿನೆಟ್ಟನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿ ಅಂದೆ. ಅದು ಅವನ ದೊಡ್ಡಪ್ಪನ ಮಗ ಕೊಟ್ಟ ಹಳೇ ಕ್ಯಾಬಿನೆಟ್. ಬೋರ್ಡು ತಗಡಿಗೆ ತಾಗದಿರಲಿ ಅಂತ ಕೆಳಗೆ ಹಿತ್ತಾಳೆಯ ಪುಟ್ಟ ಕಾಲುಗಳಿರುತ್ತವೆ, ಸ್ಟ್ಯಾಂಡ್‌ಆಫ್ ಅನ್ನುತ್ತಾರೆ. ಇವನ ಬೋರ್ಡಿಗೆ ಇದ್ದದ್ದು ಆರು ತೂತು. ಕ್ಯಾಬಿನೆಟ್ಟಿನಲ್ಲಿ ಏಳು ಕಾಲು. ಹಿಂದಿದ್ದ ಬೋರ್ಡಿಗೆ ಹಾಕಿದ ಒಂದು ಕಾಲು ಹಾಗೇ ಉಳಿದಿತ್ತು. ಅದರ ನೆತ್ತಿಯ ಮೇಲೆ ಬೆಸುಗೆಯ ಮೊನೆ ಉಜ್ಜಿದ ಗುರುತು, ಎಳ್ಳಿನಷ್ಟು ಬೆಳ್ಳಗೆ ಹೊಳೆಯುತ್ತಿತ್ತು. ಬೋರ್ಡನ್ನು ತಿರುಗಿಸಿ ನೋಡಿದರೆ ಅದೇ ಜಾಗದಲ್ಲಿ ಒಂದು ಮೊನೆ ಚಪ್ಪಟೆಯಾಗಿತ್ತು.

ರಟ್ಟಿನ ಮೇಲೆಯೇ ಇಟ್ಟು ಪ್ರೊಸೆಸರ್, ಅದರ ಫ್ಯಾನ್, ಒಂದೇ ಒಂದು ರ್ಯಾಮ್, ಎರಡು ಪವರ್ ಕೇಬಲ್, ಇಷ್ಟನ್ನೇ ಬಿಟ್ಟೆವು. ಬಟನ್ ಬೇಕಿಲ್ಲ. ಬೋರ್ಡಿನ ಮೂಲೆಯ ಎರಡು ಪವರ್ ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಸಾಕು. ಹುಡುಗನ ಕೈ ನಡುಗುತ್ತಿತ್ತು, ಆದರೂ ಅವನೇ ಮುಟ್ಟಿಸಲಿ ಅಂತ ನಾನು ಸುಮ್ಮನಿದ್ದೆ. ಫ್ಯಾನ್ ತಿರುಗಿತು, ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅಕ್ಷರ ಬಂತು. ಅವನು ನೆಲದ ಮೇಲೆ ಕೂತುಬಿಟ್ಟ.

ಕೊಳ್ಳಬೇಕಿದ್ದದ್ದು ಏನೂ ಇರಲಿಲ್ಲ. ಒಂದು ಹಿತ್ತಾಳೆ ಕಾಲು ಬಿಚ್ಚಬೇಕಿತ್ತು.

ನಿಮ್ಮ ಮಷೀನಿನ ಕತೆ ಬೇರೆ ಇರಬಹುದು. ಒತ್ತಿದರೆ ಮಿಸುಕಾಟವೂ ಇಲ್ಲದಿದ್ದರೆ ಗೋಡೆಯಿಂದ ಶುರು ಮಾಡಿ. ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಚುಚ್ಚಿ ನೋಡಿ, ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರವಾಗಿ ಹಾಕಿ ನೋಡಿ, ಕಾರ್ಡ್ ಬದಲಿಸಿ, ಎಸ್‌ಎಂಪಿಎಸ್ಸಿನ ಬೆನ್ನಿನ ಸ್ವಿಚ್ ನೋಡಿ. 24 ಪಿನ್ನಿನ ದೊಡ್ಡ ಕನೆಕ್ಟರ್ ಕ್ಲಿಕ್ ಅನ್ನುವ ತನಕ ಕೂತಿದೆಯಾ? ಹೊಸ ಬೋರ್ಡಿನಲ್ಲಿ ಅದು ಎಷ್ಟು ಬಿಗಿ ಅಂದರೆ, ಮುರಿದೀತು ಅಂತ ಹೆದರಿ ಅರ್ಧಕ್ಕೇ ಬಿಟ್ಟವರನ್ನು ಕಂಡಿದ್ದೇನೆ. ಪ್ರೊಸೆಸರ್ ಪಕ್ಕದ 8 ಪಿನ್ನಿನದನ್ನು ಮರೆತೇಬಿಟ್ಟವರೂ ಬಹಳ. ಕ್ಯಾಬಿನೆಟ್ಟಿನ ಬಟನ್ ಕೆಟ್ಟಿರುವುದೂ ಉಂಟು. ಒಳಗೇ ಸಿಕ್ಕಿಕೊಂಡ ಬಟನ್ ಅಂತೂ ಬಹಳ ಸತಾಯಿಸುತ್ತದೆ. ಮಷೀನು ಎದ್ದು, ನಾಲ್ಕು ಸೆಕೆಂಡಿಗೆ ಸರಿಯಾಗಿ ಮಲಗುತ್ತದೆ. ನೀವು ಬಟನ್ ಒತ್ತಿ ಹಿಡಿದಿದ್ದೀರಿ, ಬಲವಂತವಾಗಿ ಆಫ್ ಮಾಡುತ್ತಿದ್ದೀರಿ ಅಂತ ಬೋರ್ಡು ತಿಳಿದುಕೊಳ್ಳುತ್ತದೆ. ಬಟನ್ನಿನ ವೈರ್ ಕಿತ್ತು ಸ್ಕ್ರೂಡ್ರೈವರ್‌ನಿಂದ ಮುಟ್ಟಿಸಿದರೆ ಐದು ನಿಮಿಷದಲ್ಲಿ ಗೊತ್ತಾಗುವ ವಿಷಯ.

ಎಸ್‌ಎಂಪಿಎಸ್ ಮೇಲೆಯೇ ಅನುಮಾನವಾದರೆ, ಬೋರ್ಡಿನಿಂದ ಬಿಡಿಸಿ, ಪ್ಲಗ್ ಕಿತ್ತ ಸ್ಥಿತಿಯಲ್ಲಿ ಹಸಿರು ಮತ್ತು ಕಪ್ಪು ವೈರಿನ ತೂತುಗಳಿಗೆ ಬಾಗಿಸಿದ ಪೇಪರ್ ಕ್ಲಿಪ್ ಚುಚ್ಚಿ, ಆಮೇಲೆ ಕರೆಂಟ್ ಕೊಟ್ಟು ಮೀಟರ್ ಹಿಡಿಯಬಹುದು. ಹಳದಿಯಲ್ಲಿ 11.4ರಿಂದ 12.6ರ ಒಳಗೆ ಇರಬೇಕು, ಕೆಂಪಿನಲ್ಲಿ 4.75ರಿಂದ 5.25. ಕೆಲವು ಎಸ್‌ಎಂಪಿಎಸ್‌ಗಳ ಫ್ಯಾನ್ ಹೊರೆ ಇಲ್ಲದಾಗ ತಿರುಗುವುದೇ ಇಲ್ಲ, ಅದನ್ನು ನೋಡಿ ಸತ್ತಿದೆ ಅಂದುಕೊಳ್ಳಬೇಡಿ. ವೈರುಗಳೆಲ್ಲ ಕಪ್ಪಾಗಿದ್ದರೆ ಅದರ ಪುಸ್ತಿಕೆಯ ಚಿತ್ರ ಕೈಯಲ್ಲಿಲ್ಲದೆ ಈ ಪರೀಕ್ಷೆಗೆ ಕೈಹಾಕಬೇಡಿ. ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ: ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ತೆಗೆಯಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್ 325 ವೋಲ್ಟಿನಿಂದ 400ರ ಹತ್ತಿರದವರೆಗೂ ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿರಬಹುದು. ಹಾಗೆಯೇ ಒಂದು ಕಂಪನಿಯ ಬಿಡಿ ಕೇಬಲ್ಲನ್ನು ಇನ್ನೊಂದು ಕಂಪನಿಯ ಎಸ್‌ಎಂಪಿಎಸ್ಸಿಗೆ ಚುಚ್ಚಬೇಡಿ. ಬಾಯಿ ಒಂದೇ ತರ ಇದ್ದರೂ ಒಳಗಿನ ಪಿನ್ನುಗಳ ಕ್ರಮ ಬೇರೆ ಇರುತ್ತದೆ. ಹಾಗೆ ಮಾಡಿ ತನ್ನ ಎರಡು ವರ್ಷದ ಫೋಟೋಗಳಿದ್ದ ಹಾರ್ಡ್ ಡಿಸ್ಕನ್ನು ಒಂದೇ ಕ್ಷಣದಲ್ಲಿ ಕಳೆದುಕೊಂಡ ಹುಡುಗಿ ನನ್ನ ಮುಂದೆ ಅತ್ತಿದ್ದಾಳೆ.

ಫ್ಯಾನು, ಲೈಟು ಎಲ್ಲಾ ಇದೆ, ಪರದೆ ಮಾತ್ರ ಕಪ್ಪು ಅನ್ನುವವರು ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ್ಯಾಮ್, ವಿಜಿಎ, ಬೂಟ್ ಅಂತ ಬರೆದ ಪುಟ್ಟ ದೀಪಗಳಿದ್ದರೆ ಯಾವುದು ಉರಿಯುತ್ತಲೇ ಇದೆ ನೋಡಿ. ರ್ಯಾಮ್ ಒಂದನ್ನೇ, ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟಿಗೆ, ಎರಡೂ ಕಡೆ ಒತ್ತಿ ಕೂರಿಸಿ. ಡಿಡಿಆರ್5 ಆದರೆ ಮೊದಲ ಸಲ ರ್ಯಾಮನ್ನು ಹೊಂದಿಸಿಕೊಳ್ಳಲು ಬೋರ್ಡಿಗೆ ಕೆಲವು ನಿಮಿಷ ಬೇಕಾಗುತ್ತದೆ. ಅಷ್ಟರಲ್ಲಿ ಗಾಬರಿಯಾಗಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್ ತಂದಿದ್ದರೆ ಬೋರ್ಡಿನ ಎಚ್‌ಡಿಎಂಐಯಲ್ಲಿ ಚಿತ್ರ ಬರುವುದೇ ಇಲ್ಲ, ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು.

ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಎದ್ದರೂ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಎಸ್‌ಎಂಪಿಎಸ್ ಪೂರ್ತಿ ಹೊರೆಯಲ್ಲಿ ಕರೆಂಟ್ ಇಲ್ಲದೆ ತಡೆದುಕೊಳ್ಳುವುದು ಬರೀ 16 ಮಿಲಿಸೆಕೆಂಡಿನ ಆಸುಪಾಸು. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರಬಹುದು, ಅದನ್ನು ಆ ಕಡೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಹೊಸ ಎಸ್‌ಎಂಪಿಎಸ್ ಕೊಳ್ಳುವ ಮೊದಲು ಆ ಸ್ವಿಚ್ ನೋಡಿ. ಬೀದಿಯಲ್ಲೆಲ್ಲಾ ಲೈಟ್ ಮಂಕಾಗಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ವೋಲ್ಟೇಜ್ ಸರಿಯಾಗುವ ತನಕ ಮಷೀನು ಮುಟ್ಟಬೇಡಿ.

ಆ ರಾತ್ರಿ ಆದ ಮೇಲೆ ನಮ್ಮ ಬೀದಿಯಲ್ಲಿ ಒಂದು ಡಬ್ಬ ಶುರುವಾಗಿದೆ. ಬಟ್ಟೆ ಅಂಗಡಿಯ ರಟ್ಟಿನ ಡಬ್ಬ. ಅದರಲ್ಲಿ ಸರಿಯಾಗಿದೆ ಅಂತ ಗೊತ್ತಿರುವ ಒಂದು ಎಸ್‌ಎಂಪಿಎಸ್, ಡಿಡಿಆರ್4ರ ಒಂದು 8 ಜಿಬಿ ರ್ಯಾಮ್, ಎರಡು ಪವರ್ ಕಾರ್ಡ್, ಸಿಆರ್2032 ಬ್ಯಾಟರಿ ನಾಲ್ಕು, ಒಂದು ಹಳೇ ಗ್ರಾಫಿಕ್ಸ್ ಕಾರ್ಡ್, ನನ್ನ ಮೀಟರ್ ಇವೆ. ಯಾರ ಮಷೀನು ಏಳದಿದ್ದರೂ ಭಾನುವಾರ ಬೆಳಗ್ಗೆ ನಮ್ಮ ಮನೆಯ ಮುಂದಿನ ಜಗಲಿಯಲ್ಲಿ ಒಂದೊಂದೇ ಸಾಮಾನು ಬದಲಿಸಿ ನೋಡುತ್ತೇವೆ. ಮೇಲಿನ ಮನೆ ಹುಡುಗ ಈಗ ಬೇರೆಯವರಿಗೆ ಕೇಳುವ ಮೊದಲ ಪ್ರಶ್ನೆ “ಒತ್ತಿದಾಗ ಏನು ನೋಡಿದೆ?” ಬಿಚ್ಚಿದ ಆ ಹಿತ್ತಾಳೆ ಕಾಲನ್ನೂ ಡಬ್ಬದಲ್ಲೇ ಇಟ್ಟಿದ್ದಾನೆ, ಹೊಸಬರಿಗೆ ತೋರಿಸಲು.

ನಿಮ್ಮ ಬೀದಿಯಲ್ಲೂ ಇಂಥದೊಂದು ಡಬ್ಬ ಕಟ್ಟಿಕೊಳ್ಳಿ. ಮೂರು ನಾಲ್ಕು ಮನೆಯವರು ಸೇರಿದರೆ ಆಯಿತು, ಹಳೇ ಮಷೀನಿನ ಸಾಮಾನೇ ಸಾಕು. ಕೆಟ್ಟ ಮಷೀನು ಹೊತ್ತು ತರುವಾಗ ನಿಮ್ಮ ಮನೆಯ ಪವರ್ ಕಾರ್ಡನ್ನೂ ಎಕ್ಸ್‌ಟೆನ್ಷನ್ ಬೋರ್ಡನ್ನೂ ಜೊತೆಗೇ ತನ್ನಿ, ಅವನ್ನೂ ಅಳೆಯಬೇಕು.

ಇಂತಿ,
ಹಂಪಿನಗರದ ನಿವೃತ್ತ ಲ್ಯಾಬ್ ಇನ್‌ಸ್ಟ್ರಕ್ಟರ್